ವೈದ್ಯಧರ್ಮವೂ ಮುಷ್ಕರವೂ

(ಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಇಪ್ಪತ್ತನೆಯ ಶತಮಾನದ ಆರಂಭದ ಮಾತು. ಸ್ಕಾಟ್ಲಂಡ ದೇಶವನ್ನು ಬಿಟ್ಟು ಕೆನಡಾ ದೇಶದ ವಿನಿಪೆಗ್ ಪಟ್ಟಣಕ್ಕೆ ಹೊಟ್ಟೆಯ ಪಾಡಿಗಾಗಿ ಬಂದಿದ್ದ ಒಂದು ಬಡ ಕುಟುಂಬದಲ್ಲಿ ಒಬ್ಬ ಹುಡುಗನಿದ್ದನು. ತಂದೆಯು ಕಬ್ಬಿಣದ ಎರಕದ ಕೆಲಸದವನು. ಹುಡುಗನ ಕಾಲಿನ ಎಲುಬಿಗೆ ರೋಗ ಹತ್ತಿ, ಕೀವುಗಟ್ಟಿ, ಎಷ್ಟು ಉಪಚಾರ ಮಾಡಿದರೂ ಮಾಯದೆ, ಕೊನೆಗೆ ಕಾಲನ್ನೇ ಕತ್ತರಿಸಬೇಕಾದೀತೆಂಬ ಮಾತು ಬಂದಿತು. ನಿಪುಣನಾದ ಶಸ್ತ್ರವೈದ್ಯನನ್ನು ಕರೆಸುವಷ್ಟು ಹಣವು ತಂದೆತಾಯಿಗಳ ಹತ್ತಿರ ಇರಲಿಲ್ಲ. ಆಗ ಆಸ್ಪತ್ರೆಯಲ್ಲಿ ಆ ಹುಡುಗನನ್ನು ಕಂಡ ಒಬ್ಬ ಶಸ್ತ್ರವೈದ್ಯನು, ತನ್ನ ವಿದ್ಯಾರ್ಥಿಗಳು ಹತ್ತಿರ ನಿಂತು ನೋಡಿ ಕಲಿಯುವದಕ್ಕೆ ತಂದೆತಾಯಿಗಳು ಒಪ್ಪುವದಾದರೆ ತಾನು ಹಣ ತೆಗೆದುಕೊಳ್ಳದೆಯೇ ಚಿಕಿತ್ಸೆ ಮಾಡುವೆನೆಂದನು. ಕಾಲು ಉಳಿಯಿತು. ಹುಡುಗನು ಬೆಳೆದು ಕ್ರೈಸ್ತ ಧರ್ಮೋಪದೇಶಕನಾದನು. ಅನಂತರ ರಾಜಕಾರಣಕ್ಕಿಳಿದು 1944ರಲ್ಲಿ ಸಸ್ಕ್ಯಾಚೆವಾನ್ ಪ್ರಾಂತದ ಮುಖ್ಯಮಂತ್ರಿಯಾದನು. ಆತನ ಹೆಸರು ಟಾಮಿ ಡಗ್ಲಸ್. ತನ್ನ ಕಾಲು ಉಳಿದದ್ದು ಒಬ್ಬ ವೈದ್ಯನ ದಯೆಯಿಂದ, ಅದೂ ಕೇವಲ ಆಕಸ್ಮಿಕವಾಗಿ. ಅಂಥ ದಯೆಯು ದೊರೆಯದ ಬೇರೆ ಹುಡುಗರ ಕಾಲುಗಳ ಗತಿಯೇನು? ಈ ಪ್ರಶ್ನೆಯು ಆತನನ್ನು ಜೀವಮಾನವೆಲ್ಲ ಬಿಡಲಿಲ್ಲ.

ವೈದ್ಯರ ಮುಷ್ಕರದ ವಿಚಾರವನ್ನು ಈ ಹುಡುಗನ ಕಾಲಿನಿಂದಲೇ ಆರಂಭಿಸುವದು ಯುಕ್ತವಾಗಿದೆ. ಹೇಗೆಂದರೆ, ಒಬ್ಬ ವೈದ್ಯನ ಔದಾರ್ಯದಿಂದ ಹುಟ್ಟಿದ ಸಂಕಲ್ಪವು ಕಾಯದೆಯಾಗಿ ಬಂದ ದಿವಸವೇ, ಆ ಕಾಯದೆಗೆ ವಿರೋಧವಾಗಿ, ಆ ಪ್ರಾಂತದ ವೈದ್ಯರು ತಮ್ಮ ಬಾಗಿಲುಗಳನ್ನು ಮುಚ್ಚಿದರು.

ಸಸ್ಕ್ಯಾಚೆವಾನವು ಗೋದಿಯ ಹೊಲಗಳ ನಾಡು. ಊರಿಂದೂರಿಗೆ ದೂರ, ಚಳಿಗಾಲವು ಘೋರ. ಅಲ್ಲಿಯ ರೈತನ ಮನೆಯಲ್ಲಿ ಒಂದು ಶಸ್ತ್ರಚಿಕಿತ್ಸೆಯಾಯಿತೆಂದರೆ ವರುಷದ ಬೆಳೆಯೇ ಹೋಗುತ್ತಿತ್ತು. ಡಗ್ಲಸನ ಸರಕಾರವು ಮೊದಲು 1947ರಲ್ಲಿ ಆಸ್ಪತ್ರೆಯ ವೆಚ್ಚಕ್ಕೆ ವಿಮೆಯನ್ನು ಏರ್ಪಡಿಸಿತು. ಮುಂದೆ 1959ರಲ್ಲಿ, ವೈದ್ಯನ ದಕ್ಷಿಣೆಯನ್ನೂ ಸರಕಾರವೇ ಕೊಡುವ ಯೋಜನೆಯನ್ನು ಸಾರಿ, 1960ರ ಚುನಾವಣೆಯಲ್ಲಿ ಇದನ್ನೇ ಮುಖ್ಯ ವಿಷಯವನ್ನಾಗಿ ಮಾಡಿ ಗೆದ್ದಿತು. 1961ರ ನವೆಂಬರದಲ್ಲಿ ಕಾಯದೆಯಾಯಿತು. ಡಗ್ಲಸನು ಹೊಸ ಪಕ್ಷವೊಂದರ ನಾಯಕನಾಗಿ ಕೇಂದ್ರದ ರಾಜಕಾರಣಕ್ಕೆ ಹೋದನು. ಉಪಾಧ್ಯಾಯವೃತ್ತಿಯಿಂದ ಬಂದ ವುಡ್ರೊ ಲಾಯ್ಡ್ ಎಂಬ ಸೌಮ್ಯ ಪುರುಷನು ಮುಖ್ಯಮಂತ್ರಿಯಾದನು. ಕಾಯದೆಯು 1962ನೆಯ ಇಸ್ವಿಯ ಜುಲೈ 1ನೆಯ ತಾರೀಖು ಜಾರಿಗೆ ಬಂದಿತು. ಅಂದೇ ಪ್ರಾಂತದ ಬಹುತೇಕ ವೈದ್ಯರು ಚಿಕಿತ್ಸಾಲಯಗಳನ್ನು ಮುಚ್ಚಿ ಬಾಗಿಲಿಗೆ ಪ್ರಕಟಣೆ ಅಂಟಿಸಿ ಹೊರಟರು. ಗೊತ್ತುಪಡಿಸಿದ ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ತುರ್ತು ಚಿಕಿತ್ಸೆಗಾಗಿ ಸ್ವಲ್ಪ ಮಂದಿ ಸರದಿಯಂತೆ ನಿಂತರು.

ಆ ವೈದ್ಯರು ದುಷ್ಟರಾಗಿದ್ದರೆ ಈ ಕಥೆಯಿಂದ ಕಲಿಯತಕ್ಕದ್ದು ಏನೂ ಇರುತ್ತಿರಲಿಲ್ಲ. ಅವರು ದುಷ್ಟರಾಗಿರಲಿಲ್ಲ. ಹಿಮದ ರಾತ್ರಿಗಳಲ್ಲಿ ಹಳ್ಳಿಗಳಿಗೆ ಹೋಗಿ ಹೆರಿಗೆ ಮಾಡಿಸಿದವರು, ಕೊಡಲಾರದವರ ಬಾಕಿಯನ್ನು ಬಿಟ್ಟುಕೊಟ್ಟವರು ಅವರಲ್ಲಿ ಅನೇಕರಿದ್ದರು. ಹಣ ಕೊಡುವವನೇ ಆಳುವವನಾಗುವನು, ಸರಕಾರವೊಂದೇ ಹಣ ಕೊಡುವದಾದರೆ ನಾಳೆ ಯಾವ ರೋಗಿಗೆ ಯಾವ ಔಷಧವೆಂಬುದನ್ನೂ ಅದೇ ಹೇಳೀತು, ಎಂಬುದು ಅವರ ಭಯ. ಈ ಭಯವು ಪೂರ್ತಿ ಹುಸಿಯೆಂದು ಹೇಳುವಂತಿಲ್ಲ. ಆದರೆ ಆ ಭಯಕ್ಕೆ ಅವರು ಹಿಡಿದ ಉಪಾಯವು ಯಾರ ಮೇಲೆ ಬಿದ್ದಿತು? ಮುಷ್ಕರದ ಮೊದಲನೆಯ ದಿವಸವೇ ಒಂಬತ್ತು ತಿಂಗಳ ಕೂಸೊಂದಕ್ಕೆ ಮೆದುಳಿನ ಪೊರೆಯ ಉರಿಯೂತವಾಗಿ, ತಂದೆತಾಯಿಗಳು ಅದನ್ನು ಎತ್ತಿಕೊಂಡು ವೈದ್ಯನನ್ನು ಹುಡುಕುತ್ತ ಊರಿಂದೂರಿಗೆ ಮೋಟಾರು ಓಡಿಸುತ್ತಿರುವಾಗ ದಾರಿಯಲ್ಲಿಯೇ ಅದು ಸತ್ತಿತು. ಮುಷ್ಕರವಿಲ್ಲದಿದ್ದರೂ ಅದು ಬದುಕುತ್ತಿರಲಿಲ್ಲವೆಂದು ಕೆಲವರು ವಾದಿಸಿದರು. ಇರಬಹುದು. ಆದರೆ ಮುಚ್ಚಿದ ಬಾಗಿಲಿನ ಮುಂದೆ ನಿಂತ ತಾಯಿಗೆ ಆ ವಾದದಿಂದ ಏನಾಗಬೇಕು?

ಆ ಪ್ರಾಂತದ ಜನರೂ ಎರಡಾಗಿ ಒಡೆದರು. ವೈದ್ಯರು ಬಿಟ್ಟುಹೋಗುವರೆಂಬ ಅಂಜಿಕೆಯಿಂದ, ಅವರನ್ನು ಉಳಿಸಿಕೊಳ್ಳಿರೆಂದು ಊರೂರಿಗೆ ಸಮಿತಿಗಳು ಎದ್ದವು. ಜುಲೈ 11ರಂದು ರಾಜಧಾನಿಯಾದ ರೆಜೈನಾದಲ್ಲಿ ಅವರ ಮಹಾಸಭೆ ಕೂಡಿತು. ನಲವತ್ತು ಸಾವಿರ ಜನ ಬಂದಾರೆಂದು ಎಣಿಸಿದ್ದರು, ಬಂದವರು ಸುಮಾರು ನಾಲ್ಕು ಸಾವಿರ. ಇನ್ನೊಂದು ಕಡೆಗೆ, ರೋಗಿಗಳೇ ಕೂಡಿ ಸಹಕಾರದ ಚಿಕಿತ್ಸಾಲಯಗಳನ್ನು ಕಟ್ಟಿಕೊಂಡರು. ಸರಕಾರವು ಇಂಗ್ಲಂಡದಿಂದ ವೈದ್ಯರನ್ನು ಕರೆಸಿತು. ಕಡೆಗೆ ಇಂಗ್ಲಂಡದ ಲಾರ್ಡ್ ಟೇಲರ್ ಎಂಬವನು, ತಾನೂ ವೈದ್ಯನೇ ಆಗಿದ್ದವನು, ಎರಡು ಕಡೆಯವರ ನಡುವೆ ಓಡಾಡಿ ಜುಲೈ 23ರಂದು ಸಸ್ಕಟೂನ್ ಪಟ್ಟಣದಲ್ಲಿ ಕರಾರಿಗೆ ರುಜು ಮಾಡಿಸಿದನು. ಕಾಯದೆಯು ಉಳಿಯಿತು, ಬೇಕಾದ ವೈದ್ಯನು ಯೋಜನೆಯ ಹೊರಗಿದ್ದು ವೃತ್ತಿ ನಡೆಯಿಸಬಹುದೆಂಬ ಸ್ವಾತಂತ್ರ್ಯವೂ ಉಳಿಯಿತು. 1964ರಲ್ಲಿ ಸರಕಾರವು ಬದಲಾಗಿ ವಿರೋಧಪಕ್ಷದವರು ಬಂದರೂ ಕಾಯದೆಯನ್ನು ತೆಗೆಯುವ ಧೈರ್ಯ ಅವರಿಗಾಗಲಿಲ್ಲ. 1966ರಲ್ಲಿ ಕೆನಡಾ ದೇಶವೆಲ್ಲಕ್ಕೂ ಅಂಥದೇ ಕಾಯದೆಯಾಯಿತು.

ಇಪ್ಪತ್ತಮೂರು ದಿವಸಗಳ ಈ ಮುಷ್ಕರವು ತಪ್ಪಾಗಿತ್ತೆಂದೇ ಹೇಳಬೇಕು. ಅವರ ಜಗಳವು ಮತದಾರರು ಒಪ್ಪಿ ಆರಿಸಿದ ಸರಕಾರದ ಒಂದು ಕಾಯದೆಯೊಡನೆ. ಆ ಜಗಳವನ್ನು ನ್ಯಾಯಾಲಯದಲ್ಲಿ, ಪತ್ರಿಕೆಗಳಲ್ಲಿ, ಮುಂದಿನ ಚುನಾವಣೆಯಲ್ಲಿ ಮಾಡುವದಕ್ಕೆ ದಾರಿಯಿತ್ತು. ಲಾರ್ಡ್ ಟೇಲರನು ಮಾಡಿಸಿದ ಕರಾರಿನಲ್ಲಿ ಅವರಿಗೆ ದೊರೆತದ್ದನ್ನು ನೋಡಿದರೆ, ಮಾತಿಗೆ ಕುಳಿತಿದ್ದರೆ ಜೂನ್ ತಿಂಗಳಲ್ಲಿಯೇ ಅದು ದೊರೆಯಬಹುದಾಗಿತ್ತೆಂದು ತೋರುತ್ತದೆ. ಸರಕಾರದವರೂ ಮೊದಲೇ ಅಷ್ಟು ಬಾಗಬಹುದಾಗಿತ್ತು, ಅದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಗಿರಣಿಯ ಕೂಲಿಕಾರರು ಮುಷ್ಕರ ಹೂಡಿದರೆ ಮಗ್ಗಗಳು ನಿಲ್ಲುತ್ತವೆ, ಮಾಲಕನಿಗೆ ನಷ್ಟವಾಗುತ್ತದೆ, ಆ ನಷ್ಟವೇ ಅವನನ್ನು ಮಾತಿಗೆ ಎಳೆದು ತರುತ್ತದೆ. ಹೊಡೆತವು ಯಾರಿಗೆ ತಗುಲಬೇಕೋ ಅವರಿಗೇ ತಗುಲುತ್ತದೆ. ಸರಕಾರಿ ದವಾಖಾನೆಯ ವೈದ್ಯನು ಕೆಲಸ ನಿಲ್ಲಿಸಿದರೆ ಹಾಗಲ್ಲ. ಸಂಬಳವನ್ನು ಗೊತ್ತುಮಾಡುವ ಮಂತ್ರಿಯು ಆ ದವಾಖಾನೆಯ ಹಾಸಿಗೆಯ ಮೇಲೆ ಮಲಗಿರುವದಿಲ್ಲ. ಕಾರ್ಯದರ್ಶಿಯ ಮಗನು ಅಲ್ಲಿಯ ಸಾಲಿನಲ್ಲಿ ಚೀಟಿ ಹಿಡಿದು ನಿಂತಿರುವದಿಲ್ಲ. ನಿಂತಿರುವವನು ಬಡವನು. ಹೊಡೆತವು ಮೊದಲು ಅವನ ಮೈಗೆ ತಗುಲಿ, ಅವನ ಗೋಳು ಪತ್ರಿಕೆಗಳಲ್ಲಿ ಬಂದು, ಆ ಗೋಳಿನಿಂದ ಸರಕಾರಕ್ಕೆ ನಾಚಿಕೆಯಾಗಿ, ಆಮೇಲೆ ಮಾತುಕತೆ. ಎಂದರೆ ಬಾಣವು ಗುರಿಯನ್ನು ಮುಟ್ಟುವದಕ್ಕೆ ಮೂರನೆಯವನೊಬ್ಬನ ದೇಹವನ್ನು ತೂರಿಯೇ ಹೋಗಬೇಕು. ಮುಷ್ಕರದಲ್ಲಿ ಅರಿವೆಯ ಉತ್ಪತ್ತಿಯು ಕಡಿಮೆಯಾದರೆ ಮುಂದಿನ ತಿಂಗಳು ಹೆಚ್ಚು ನೇಯ್ದು ತುಂಬಿಕೊಡಬಹುದು. ಕೊಳೆತ ಕಾಲನ್ನು ಮುಂದಿನ ತಿಂಗಳು ತುಂಬಿಕೊಡಲಿಕ್ಕೆ ಬರುವದಿಲ್ಲ. ಆದಕಾರಣವೇ ಪ್ರಾಚೀನರು ವೈದ್ಯವಿದ್ಯೆಯನ್ನು ಕಲಿಸುವ ಮುಂಚೆ ಶಿಷ್ಯನಿಂದ ಪ್ರತಿಜ್ಞೆ ಮಾಡಿಸುತ್ತಿದ್ದರು. ತನ್ನ ಪ್ರಾಣಕ್ಕೆ ಸಂಕಟ ಬಂದರೂ ರೋಗಿಗೆ ದ್ರೋಹ ಮಾಡಕೂಡದೆಂಬುದು ಚರಕಸಂಹಿತೆಯ ಆ ಉಪದೇಶದಲ್ಲಿ ಸೇರಿದೆ.

ಇಷ್ಟು ಹೇಳಿ ನಿಲ್ಲಿಸುವವರು ಬಹಳ ಜನರುಂಟು. ವಿಶೇಷವಾಗಿ ಸಂಬಳ ಕೊಡುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಅವರು ಕಾಯಕವೆಂಬ ಪವಿತ್ರವಾದ ಮಾತನ್ನೂ ಬಿಡುವದಿಲ್ಲ. ಕಾಯಕವು ಪೂಜೆಯಾಗಿರಲು ಪೂಜೆಯನ್ನು ನಿಲ್ಲಿಸಬಹುದೇ ಎಂದು ಕೇಳುತ್ತಾರೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯವೃತ್ತಿಯ ಸಂಗಣ್ಣನೂ ಇದ್ದನು, ನೂಲು ತೆಗೆಯುವವರೂ, ದೋಣಿ ನಡೆಯಿಸುವವರೂ, ಚಮ್ಮಾರರೂ ಇದ್ದರು. ಅವರೆಲ್ಲ ಒಂದೇ ನೆಲದ ಮೇಲೆ ಸಮನಾಗಿ ಕುಳಿತರು. ಕಾಯಕವೆಂದರೆ ದುಡಿಯುವವನ ಗೌರವ, ಅದು ಜೀತವಲ್ಲ. ಒಬ್ಬನ ದುಡಿಮೆಯನ್ನು ಪೂಜೆಯೆಂದು ಬಾಯಿಂದ ಹೊಗಳಿ, ಆ ದುಡಿಮೆಗೆ ಸಲ್ಲತಕ್ಕದ್ದನ್ನು ಕೈಯಿಂದ ಹಿಡಿದಿಡುವವನು ಕಾಯಕದ ಹೆಸರನ್ನು ಎತ್ತುವದಕ್ಕೆ ಅರ್ಹನಲ್ಲ.

ಕೀನ್ಯಾ ದೇಶದಲ್ಲಿ ನಡೆದದ್ದನ್ನು ನೋಡಬೇಕು. ಅಲ್ಲಿಯ ಸರಕಾರಿ ವೈದ್ಯರ ಸಂಘವು 2013ರಲ್ಲಿ ಸರಕಾರದೊಡನೆ ಒಂದು ಕರಾರು ಮಾಡಿಕೊಂಡಿತ್ತು. ಸಂಬಳದ ಮಾತು ಅದರಲ್ಲಿತ್ತು. ಆಸ್ಪತ್ರೆಗಳ ಸಲಕರಣೆಗಳ ಮಾತೂ, ವೈದ್ಯರ ಸಂಖ್ಯೆಯನ್ನು ಹೆಚ್ಚಿಸುವ ಮಾತೂ ಇತ್ತು. ಮೂರು ವರುಷಗಳಾದರೂ ಕರಾರು ನಡೆಯಲಿಲ್ಲ. 2016ರ ಡಿಸೆಂಬರದಲ್ಲಿ ಅವರು ಕೆಲಸ ನಿಲ್ಲಿಸಿದರು. 2017ರ ಮಾರ್ಚದ ನಡುವಿನ ವರೆಗೆ, ಸರಿಯಾಗಿ ನೂರು ದಿವಸ, ಅದು ನಡೆಯಿತು. ಫೆಬ್ರವರಿಯಲ್ಲಿ ಸಂಘದ ಮುಖಂಡರನ್ನು ನ್ಯಾಯಾಲಯದ ಆಜ್ಞೆ ಮೀರಿದರೆಂದು ಸೆರೆಮನೆಗೆ ಕಳಿಸಿದರು, ಕೆಲವೇ ದಿನಗಳಲ್ಲಿ ಬಿಟ್ಟರು. ಹಣವಂತರು ಖಾಸಗಿ ಆಸ್ಪತ್ರೆಗಳಿಗೆ ಹೋದರು. ಬಡವರು ಮನೆಯಲ್ಲಿ ಉಳಿದರು. ಇಲ್ಲಿ ಮೊದಲು ಮಾತು ತಪ್ಪಿದವರಾರು? ಮುಷ್ಕರಕ್ಕೆ ಮುಂಚೆಯೇ ಆಸ್ಪತ್ರೆಯಲ್ಲಿ ಕೈಗವಸಿಲ್ಲದೆ, ಔಷಧವಿಲ್ಲದೆ ರೋಗಿಯು ಸಾಯುತ್ತಿದ್ದರೆ ಅದನ್ನು ಯಾರೂ ಮುಷ್ಕರವೆಂದು ಕರೆಯುವದಿಲ್ಲ. ಅದಕ್ಕೆ ಅಂದಾಜುಪತ್ರಿಕೆಯ ಅಡಚಣೆಯೆಂದು ಹೆಸರು. ಹಾಗಾದರೂ ನೂರು ದಿವಸಗಳೆಂಬುದು ಬಡವನ ಹೆಗಲಿಗೆ ಮೀರಿದ ಭಾರವೇ ಸರಿ; ವೈದ್ಯರ ಪಕ್ಷವು ಎಷ್ಟೇ ನ್ಯಾಯವಾಗಿದ್ದರೂ ಈ ಲೆಕ್ಕವು ಅವರ ಹೆಸರಿನಲ್ಲಿಯೂ ಬರೆದಿರುತ್ತದೆ.

ವೈದ್ಯರಿಗಾದರೂ ಸಮಾಜದಲ್ಲಿ ಮಾನವುಂಟು, ಮಾತಿಗೆ ಬೆಲೆಯುಂಟು. ಅವರ ಕೆಳಗೆ ದುಡಿಯುವವರ ಸ್ಥಿತಿಯು ಬೇರೆ. ಕೇರಳದ ಖಾಸಗಿ ಆಸ್ಪತ್ರೆಗಳ ದಾದಿಯರು ಸಾಲ ಮಾಡಿ ಓದಿ ಬಂದು, ಆ ಸಾಲದ ಕಂತಿಗೂ ಸಾಲದ ಸಂಬಳಕ್ಕೆ ರಾತ್ರಿಯೆಲ್ಲ ನಿಲ್ಲುತ್ತಿದ್ದರು. 2017ರಲ್ಲಿ ಅವರು ಬೀದಿಗಿಳಿದ ಮೇಲೆಯೇ ತಿಂಗಳಿಗೆ 20,000 ರೂಪಾಯಿಗಳ ಕನಿಷ್ಠ ಸಂಬಳದ ಮಾತು ಬಂದಿತು. ಸರಕಾರದ ಆಜ್ಞೆಯು ಹೊರಡುವದಕ್ಕೆ 2018ರ ಏಪ್ರಿಲ್ ತಿಂಗಳು ಬರಬೇಕಾಯಿತು. ಕನ್ನಡ ನಾಡಿನ ಆಶಾ ಕಾರ್ಯಕರ್ತೆಯರ ಕಥೆಯು ಇನ್ನೂ ಕರುಣಾಜನಕವಾದದ್ದು. ಕೋವಿಡ್ ಮಹಾಮಾರಿಯ ಕಾಲದಲ್ಲಿ, 2020ರಲ್ಲಿ, ಮನೆಮನೆಯ ಬಾಗಿಲಿಗೆ ಹೋಗಿ ಜ್ವರವುಂಟೋ ಕೆಮ್ಮುಂಟೋ ಎಂದು ಕೇಳಿದವರು ಈ ಹೆಣ್ಣುಮಕ್ಕಳು. ಅವರಿಗೆ ಸಂಬಳವೆಂಬ ಹೆಸರೂ ಇಲ್ಲ, ಕೊಡುವದು ಗೌರವಧನ. ಹೆಸರಿನಲ್ಲಿ ಗೌರವವುಂಟು. ಜಮಖಾನೆ ಹಾಸಿ ಚಪ್ಪಾಳೆ ತಟ್ಟಿ ಅವರನ್ನು ಕೊಂಡಾಡಿದ ಊರುಗಳಲ್ಲಿಯೇ ಅವರಿಗೆ ಮುಖವಸ್ತ್ರವೂ ಕೈಗವಸೂ ಸರಿಯಾಗಿ ದೊರೆಯಲಿಲ್ಲ. ಆ ವರುಷದ ಜುಲೈ ತಿಂಗಳಲ್ಲಿ, ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನವನ್ನೂ ರಕ್ಷಣೆಯ ಸಾಮಗ್ರಿಗಳನ್ನೂ ಬೇಡಿ ಅವರು ಕೆಲಸ ನಿಲ್ಲಿಸಿದರು. ಮಹಾಮಾರಿಯ ಹೊತ್ತಿನಲ್ಲಿ ಕೆಲಸ ನಿಲ್ಲಿಸಬಹುದೇ ಎಂದು ಕೇಳಿದವರಿಗೆ, ಮಹಾಮಾರಿಯಿಲ್ಲದ ಹೊತ್ತಿನಲ್ಲಿ ಅವರ ಮಾತನ್ನು ಯಾರು ಕೇಳಿದ್ದರೆಂಬುದೇ ಉತ್ತರವಾಗಿತ್ತು. ಮುಖವಸ್ತ್ರವಿಲ್ಲದೆ ರೋಗಿಯ ಮನೆಗೆ ಹೋಗಲಾರೆನೆಂಬುದು ರೋಗಿಯನ್ನು ಬಿಟ್ಟು ಓಡುವದಲ್ಲ. ಅವಳ ಮನೆಯಲ್ಲಿಯೂ ಮುದುಕಿಯೊಬ್ಬಳು, ಮಗುವೊಂದು ಇರುತ್ತವೆ.

ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ಹೇಳತಕ್ಕದ್ದಿದೆ. ವೈದ್ಯರು ಮುಷ್ಕರ ಹೂಡಿದಾಗ ಜನರು ಹೆಚ್ಚಾಗಿ ಸಾಯುತ್ತಾರೆಯೇ ಎಂಬುದನ್ನು ವಿದ್ವಾಂಸರು ಲೆಕ್ಕ ಹಾಕಿ ನೋಡಿದ್ದಾರೆ. 1976ರಿಂದ 2003ರ ವರೆಗೆ ಬೇರೆ ಬೇರೆ ದೇಶಗಳಲ್ಲಿ ನಡೆದ ಐದು ಮುಷ್ಕರಗಳ ಮೇಲಣ ಬರೆಹಗಳನ್ನೆಲ್ಲ ಕೂಡಿಸಿ 2008ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಆ ಕಾಲದಲ್ಲಿ ಸಾವುಗಳು ಎಲ್ಲಿಯೂ ಹೆಚ್ಚಲಿಲ್ಲ, ಕೆಲವೆಡೆಗಳಲ್ಲಿ ಕಡಿಮೆಯೇ ಆದವೆಂದು ಕಂಡುಬಂದಿತು. ಇದನ್ನು ಕೇಳಿ ವೈದ್ಯರೇ ಬೇಡವೆಂದು ನಗುವವರುಂಟು. ಅದು ಅವಸರದ ನಗೆ. ಆ ಮುಷ್ಕರಗಳಲ್ಲಿ ತುರ್ತು ಚಿಕಿತ್ಸೆಯು ನಡೆದೇ ಇತ್ತು. ಹಿರಿಯ ವೈದ್ಯರು ಕಿರಿಯರ ಕೆಲಸಕ್ಕೆ ನಿಂತರು. ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳು ಮುಂದೆ ಹೋದವು, ಅವುಗಳೊಡನೆ ಅವುಗಳ ಅಪಾಯವೂ ಮುಂದೆ ಹೋಯಿತು. ಇದಲ್ಲದೆ ನೋವಿಗೆ, ಕಾಯುವಿಕೆಗೆ, ತಡವಾಗಿ ತಿಳಿದ ಅರ್ಬುದರೋಗಕ್ಕೆ ಆ ಲೆಕ್ಕದಲ್ಲಿ ಸ್ಥಳವಿಲ್ಲ. ಅದೇ ಕಾಲಕ್ಕೆ ಇನ್ನೊಂದು ಲೆಕ್ಕವುಂಟು. ಅಮೇರಿಕೆಯ ನ್ಯೂಯಾರ್ಕ್ ಪ್ರಾಂತದಲ್ಲಿ 1984ರಿಂದ 2004ರ ವರೆಗೆ ದಾದಿಯರು ಮುಷ್ಕರ ಹೂಡಿದ ಆಸ್ಪತ್ರೆಗಳನ್ನು ಪರೀಕ್ಷಿಸಿದಾಗ, ಆ ದಿನಗಳಲ್ಲಿ ಒಳರೋಗಿಗಳ ಸಾವು ನೂರಕ್ಕೆ ಸುಮಾರು 18ರಷ್ಟು ಏರಿತ್ತು. ದೊಡ್ಡ ವೈದ್ಯನು ದಿನಕ್ಕೊಮ್ಮೆ ಬಂದು ಹೋಗುತ್ತಾನೆ. ಮಧ್ಯರಾತ್ರಿಯಲ್ಲಿ ಉಸಿರು ಬದಲಾದದ್ದನ್ನು ಕಾಣುವವಳು ದಾದಿ. ಮುಷ್ಕರದ ನೀತಿಯನ್ನು ವಿಚಾರಿಸುವಾಗ ವೈದ್ಯರದೊಂದೇ ಮಾತನ್ನಾಡುವದು, ದಾದಿಯರ ಸಂಬಳವನ್ನು ಮರೆಯುವದು, ಎಂಥ ತಪ್ಪು ಲೆಕ್ಕವೆಂಬುದು ಇದರಿಂದ ತಿಳಿಯುತ್ತದೆ.

ಕನ್ನಡ ನಾಡಿನಲ್ಲಿ 2017ರ ನವೆಂಬರದಲ್ಲಿ ಖಾಸಗಿ ವೈದ್ಯರು ನಡೆಯಿಸಿದ ಮುಷ್ಕರವು ಅನೇಕರ ನೆನಪಿನಲ್ಲಿದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯದೆಯನ್ನು ಬಿಗಿ ಮಾಡಲು ಸರಕಾರವು ಮಸೂದೆಯನ್ನು ತಂದಿತ್ತು. ಚಿಕಿತ್ಸೆಯ ದರಗಳು, ರೋಗಿಗಳ ದೂರುಗಳನ್ನು ವಿಚಾರಿಸುವ ಸಮಿತಿಗಳು, ತಪ್ಪಿದವರಿಗೆ ಸೆರೆವಾಸದ ಶಿಕ್ಷೆ, ಇವು ವಿವಾದದ ವಿಷಯಗಳು. ಬೆಳಗಾವಿಯಲ್ಲಿ ವಿಧಾನಮಂಡಲವು ಕೂಡಿದ್ದಾಗ ವೈದ್ಯರು ಅಲ್ಲಿಯೇ ನೆರೆದರು. ನಾಡಿನ ತುಂಬ ಖಾಸಗಿ ಚಿಕಿತ್ಸಾಲಯಗಳ ಹೊರರೋಗಿ ವಿಭಾಗಗಳು ಮುಚ್ಚಿದವು. ಚಿಕಿತ್ಸೆ ದೊರೆಯದೆ ಸತ್ತವರ ಸುದ್ದಿಯು ಪತ್ರಿಕೆಗಳಲ್ಲಿ ದಿನದಿನವೂ ಬಂದಿತು. ಉಚ್ಚ ನ್ಯಾಯಾಲಯದಲ್ಲಿಯೂ ವಿಚಾರಣೆಯಾಯಿತು. ಮುಖ್ಯಮಂತ್ರಿಗಳೊಡನೆ ಮಾತುಕತೆಯಾಗಿ ಮುಷ್ಕರ ಮುಗಿದು, ಮಸೂದೆಯು ಮೃದುವಾಗಿ ಕಾಯದೆಯಾಯಿತು. ಇದು ಸಸ್ಕ್ಯಾಚೆವಾನದ ಕಥೆಯ ತಮ್ಮನೇ ಸರಿ. ವೃತ್ತಿಯ ತಪ್ಪಿಗೆ ಸೆರೆಮನೆಯೆಂದರೆ ಕಷ್ಟದ ರೋಗಿಯನ್ನು ಮುಟ್ಟಲು ಯಾವ ವೈದ್ಯನೂ ಮುಂದೆ ಬಾರನೆಂಬ ಅವರ ವಾದದಲ್ಲಿ ಸತ್ಯಾಂಶವಿತ್ತು. ಅದೇ ವಾದವನ್ನು ಬಾಗಿಲು ತೆರೆದಿಟ್ಟುಕೊಂಡು ಮಾಡಿದ್ದರೆ ಜನರು ಅವರ ಹಿಂದೆ ನಿಲ್ಲುತ್ತಿದ್ದರು. ಬಾಗಿಲು ಮುಚ್ಚಿದ ಮೇಲೆ ಆ ಸತ್ಯಾಂಶವನ್ನು ಕೇಳುವ ತಾಳ್ಮೆ ಯಾರಿಗೂ ಉಳಿಯಲಿಲ್ಲ.

ತುರ್ತಿನ ರೋಗಿಯ ವಿಷಯದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಸ್ಪಷ್ಟವಾಗಿ ತೀರ್ಪು ಕೊಟ್ಟಿದೆ. ಅಪಘಾತದಲ್ಲಿ ಗಾಯಗೊಂಡವನು ಬಂದರೆ ಪೋಲೀಸರ ಕಾಗದಪತ್ರಗಳಿಗೆ ಕಾಯದೆ ಜೀವ ಉಳಿಸುವದು ಸರಕಾರಿ ವೈದ್ಯನಿಗೂ ಖಾಸಗಿ ವೈದ್ಯನಿಗೂ ಸಮಾನವಾದ ಕರ್ತವ್ಯ. ಈ ತೀರ್ಪನ್ನು ವೈದ್ಯರ ಮುಂದೆ ಓದುವವರು 1996ರ ಇನ್ನೊಂದು ತೀರ್ಪನ್ನು ಸರಕಾರದ ಮುಂದೆಯೂ ಓದಬೇಕು. 1992ರ ಜುಲೈ 8ರಂದು ಬಂಗಾಲದಲ್ಲಿ ಒಬ್ಬ ಕೃಷಿಕಾರ್ಮಿಕನು ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡನು. ಹತ್ತಿರದ ಆರೋಗ್ಯಕೇಂದ್ರದಲ್ಲಿ ಸೌಕರ್ಯವಿಲ್ಲವೆಂದು ಮುಂದೆ ಕಳಿಸಿದರು. ಅಲ್ಲಿಂದ ಕಲಕತ್ತೆಗೆ. ರಾತ್ರಿಯೆಲ್ಲ ಒಂದಾದ ಮೇಲೊಂದು ಸರಕಾರಿ ಆಸ್ಪತ್ರೆಯ ಬಾಗಿಲಿಗೆ ಅವನನ್ನು ಒಯ್ದರು. ಒಂದೆಡೆ ಹಾಸಿಗೆಯಿಲ್ಲ, ಇನ್ನೊಂದೆಡೆ ಉಪಕರಣವಿಲ್ಲ. ಕಡೆಗೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಸುಮಾರು 17,000 ರೂಪಾಯಿ ವೆಚ್ಚ ಮಾಡಿ ಬದುಕಿದನು. ಆ ರಾತ್ರಿ ಕಲಕತ್ತೆಯ ಆಸ್ಪತ್ರೆಗಳಲ್ಲಿ ಎಲ್ಲರೂ ತಮ್ಮ ತಮ್ಮ ಕೆಲಸದ ಮೇಲೆಯೇ ಇದ್ದರು. ಹಣವಿಲ್ಲವೆಂಬ ನೆಪವು ಸರಕಾರಕ್ಕೆ ಸಲ್ಲದು, ಜೀವಿಸುವ ಹಕ್ಕಿನಲ್ಲಿಯೇ ಚಿಕಿತ್ಸೆಯ ಹಕ್ಕು ಅಡಗಿದೆ, ಎಂದು ನ್ಯಾಯಾಲಯವು ತಿಳಿಸಿ, ಅವನಿಗೆ 25,000 ರೂಪಾಯಿ ಪರಿಹಾರವನ್ನು ಕೊಡಿಸಿತು. ವೈದ್ಯರು ಒಂದು ದಿನ ಗೈರುಹಾಜರಾದರೆ ಅತ್ಯಾವಶ್ಯಕ ಸೇವೆಗಳ ಕಾಯದೆಯನ್ನು ಎತ್ತಿ ತೋರಿಸುವ ಸರಕಾರಗಳು, ವರುಷಾನುಗಟ್ಟಲೆ ತಾಲೂಕು ದವಾಖಾನೆಯ ಹುದ್ದೆಗಳನ್ನು ಬರಿದಾಗಿಟ್ಟಾಗ ಆ ಸೇವೆಯ ಅತ್ಯಾವಶ್ಯಕತೆಯು ಎಲ್ಲಿ ಹೋಗಿರುತ್ತದೆ?

ಸರಕಾರವನ್ನು ದೂಷಿಸಿ ಭಕ್ತಜನರು ತಪ್ಪಿಸಿಕೊಳ್ಳುವದೂ ಸಾಧ್ಯವಿಲ್ಲ. ಮುಷ್ಕರಗಳಿಗೆ ಕಾರಣವು ಸಂಬಳವೊಂದೇ ಆಗಿರುವದಿಲ್ಲ. ಅನೇಕ ವೇಳೆ ರೋಗಿಯ ಬಂಧುಗಳ ಕೈಯೇ ಕಾರಣವಾಗಿರುತ್ತದೆ. ಸಾವು ಸಂಭವಿಸಿದೊಡನೆ ಎದುರಿಗಿರುವ ಕಿರಿಯ ವೈದ್ಯನ ಮೇಲೆ ಬೀಳುವದು, ಕಿಟಕಿಯ ಗಾಜನ್ನು ಒಡೆಯುವದು ಒಂದು ಪದ್ಧತಿಯಂತಾಗಿದೆ. ಇದನ್ನು ತಡೆಯಲು ಕರ್ನಾಟಕದಲ್ಲಿ 2009ರಲ್ಲಿಯೇ ಪ್ರತ್ಯೇಕವಾದ ಕಾಯದೆಯಾಗಿದೆ. ಹೊಡೆಸಿಕೊಂಡ ವೈದ್ಯನೇ ಕೆಲಸ ನಿಲ್ಲಿಸಿದಾಗ, ಹೊಡೆದವರೇ ಅವನಿಗೆ ವೈದ್ಯಧರ್ಮವನ್ನು ಬೋಧಿಸುವದೂ ಕಾಣುತ್ತದೆ.

ಈ ಎಲ್ಲ ಕವಲುಗಳೂ ಒಂದೆಡೆಗೆ ಬಂದು ಕೂಡಿದ್ದು 2024ರಲ್ಲಿ, ಅದೇ ಕಲಕತ್ತೆಯಲ್ಲಿ. ಆಗಸ್ಟ್ 9ರಂದು ಆರ್. ಜಿ. ಕರ್ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ, ದೀರ್ಘವಾದ ಪಾಳಿಯ ನಡುವೆ ಸ್ವಲ್ಪ ವಿಶ್ರಾಂತಿಗೆಂದು ಹೋಗಿದ್ದ ಒಬ್ಬ ಕಿರಿಯ ವೈದ್ಯೆಯು ಅತ್ಯಾಚಾರಕ್ಕೊಳಗಾಗಿ ಕೊಲೆಯಾದಳು. ಪರರ ಜೀವ ಕಾಯಲು ಎಚ್ಚರವಾಗಿದ್ದವಳ ಜೀವವನ್ನು ಆ ಕಟ್ಟಡವೇ ಕಾಯಲಿಲ್ಲ. ಕಿರಿಯ ವೈದ್ಯರು ಕೆಲಸ ನಿಲ್ಲಿಸಿದರು. ಆಗಸ್ಟ್ 14ರ ರಾತ್ರಿ ಗುಂಪೊಂದು ಆಸ್ಪತ್ರೆಗೇ ನುಗ್ಗಿ ಹಾಳುಮಾಡಿತು. ಆಗಸ್ಟ್ 17ರ ಬೆಳಗಿನಿಂದ ಇಪ್ಪತ್ತನಾಲ್ಕು ತಾಸು, ತುರ್ತು ಚಿಕಿತ್ಸೆಯೊಂದನ್ನು ಬಿಟ್ಟು, ದೇಶದ ತುಂಬ ವೈದ್ಯರು ದೂರ ನಿಂತರು. ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ಪ್ರಕರಣವನ್ನು ಎತ್ತಿಕೊಂಡು, ಆಗಸ್ಟ್ 20ರಂದು ವೈದ್ಯರ ಸುರಕ್ಷತೆಗಾಗಿ ರಾಷ್ಟ್ರೀಯ ಕಾರ್ಯಪಡೆಯನ್ನು ನೇಮಿಸಿ, ಕೆಲಸಕ್ಕೆ ಮರಳಿರೆಂದು ಕೇಳಿಕೊಂಡಿತು. ದೆಹಲಿಯ ವೈದ್ಯರು ಮರಳಿದರು. ಬಂಗಾಲದವರು ಮರಳಲಿಲ್ಲ, ಸಾಕ್ಷ್ಯವನ್ನು ಕಾಯಬೇಕಾದ ಅಧಿಕಾರಿಗಳಲ್ಲಿಯೇ ತಮಗೆ ನಂಬಿಗೆಯಿಲ್ಲವೆಂದರು.

ಮೊದಲ ದಿವಸಗಳಲ್ಲಿ ಅವರನ್ನು ದೂಷಿಸುವದು ಮನುಷ್ಯತ್ವವಲ್ಲ. ರಾತ್ರಿಯ ಪಾಳಿಗೆ ಹೋಗುವ ಹೆಣ್ಣುಮಗಳಿಗೆ ಬಾಗಿಲಿಗೊಂದು ಚಿಲಕ, ಮಲಗಲಿಕ್ಕೆ ಒಂದು ಕೋಣೆ ಬೇಕೆಂಬುದು ರೋಗಿಯ ಹಿತಕ್ಕೆ ವಿರುದ್ಧವಾದ ಬೇಡಿಕೆಯಲ್ಲ. ಅವಳಿಲ್ಲದೆ ಆ ರಾತ್ರಿ ರೋಗಿಗೆ ಯಾರೂ ಇಲ್ಲ. ಆದರೆ ದಿನಗಳು ವಾರಗಳಾದವು. ಸಪ್ಟೆಂಬರ್ 9ರಂದು ರಾಜ್ಯ ಸರಕಾರವು, ಮುಷ್ಕರದಿಂದ 23 ಜನರು ಸತ್ತರೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತು. ಹಿರಿಯ ವೈದ್ಯರು ಎಲ್ಲೆಡೆಯೂ ಕೆಲಸದ ಮೇಲಿದ್ದಾರೆ, ಈ ಮಾತು ಸುಳ್ಳೆಂದು ಕಿರಿಯರು ಹೇಳಿದರು. ಸತ್ಯವು ಎಷ್ಟೆಂಬುದು ಹೊರಗಿನವರಿಗೆ ತಿಳಿಯುವ ಬಗೆಯಿಲ್ಲ. ಆದರೂ ದೂರದ ಜಿಲ್ಲೆಯಿಂದ ಬಂದು ಹೊರರೋಗಿ ವಿಭಾಗದ ಮುಚ್ಚಿದ ಕಿಟಕಿಯನ್ನು ಕಂಡು ಮರಳಿ ಹೋದವನು ಈ 23ರ ಲೆಕ್ಕದಲ್ಲಿಯೂ ಇಲ್ಲ, ಅದರ ನಿರಾಕರಣೆಯಲ್ಲಿಯೂ ಇಲ್ಲ. ಇನ್ನೊಂದು ಕಡೆಗೆ ನೋಡಿದರೆ, ಪೋಲೀಸ್ ಆಯುಕ್ತರ ಬದಲಾವಣೆಯಾದದ್ದು ಸಪ್ಟೆಂಬರ್ 17ರಂದು. ಆಗಸ್ಟ್ 20ರಂದೇ ವೈದ್ಯರು ಮರಳಿದ್ದರೆ ಅದು ಆಗುತ್ತಿತ್ತೆಂದು ಯಾರೂ ಧೈರ್ಯದಿಂದ ಹೇಳಲಾರರು. ಇಂಥಲ್ಲಿ ದೂರದಲ್ಲಿ ಕುಳಿತು ತೀರ್ಪು ಕೊಡುವದು ಸುಲಭ. ಸುಲಭವಾದ್ದರಿಂದಲೇ ಅದನ್ನು ನಂಬಬಾರದು.

ಆ ಕಿರಿಯ ವೈದ್ಯರಿಗೇ ಈ ಸಂಕಟವು ತಿಳಿಯದೆ ಇರಲಿಲ್ಲವೆಂಬುದು ಅವರ ನಡತೆಯಿಂದ ಕಾಣುತ್ತದೆ. ಮುಷ್ಕರದ ನಡುವೆಯೇ ಅವರು ಅಭಯಾ ಎಂಬ ಹೆಸರಿನಿಂದ ಬೀದಿಬದಿಯಲ್ಲಿ ಚಿಕಿತ್ಸಾಲಯಗಳನ್ನು ತೆರೆದು ಬಂದವರಿಗೆಲ್ಲ ಹಣವಿಲ್ಲದೆ ಔಷಧ ಕೊಟ್ಟರು. ನೆರೆ ಬಂದ ಊರುಗಳಲ್ಲಿ ಶಿಬಿರಗಳನ್ನು ನಡೆಯಿಸಿದರು. ನಲವತ್ತೆರಡು ದಿವಸಗಳಾದ ಮೇಲೆ, ಸಪ್ಟೆಂಬರ್ 21ರಂದು, ತುರ್ತು ಚಿಕಿತ್ಸೆಗೆ ಮರಳಿದರು. ಇನ್ನೊಂದು ಆಸ್ಪತ್ರೆಯಲ್ಲಿ ವೈದ್ಯರ ಮೇಲೆ ಹಲ್ಲೆಯಾಗಲು, ಅಕ್ಟೋಬರದ ಆರಂಭದಲ್ಲಿ ಪುನಃ ಪೂರ್ತಿಯಾಗಿ ಕೆಲಸ ನಿಲ್ಲಿಸಿದರು. ಆದರೆ ಈ ಸಲ ಅದು ನಾಲ್ಕೇ ದಿನ. ಅಕ್ಟೋಬರ್ 4ರಂದು ಮುಷ್ಕರವನ್ನು ಹಿಂದೆಗೆದುಕೊಂಡು, ಮರುದಿನದಿಂದ ಕೆಲವರು ಧರ್ಮತಲೆಯ ಬೀದಿಯಲ್ಲಿ ಆಮರಣ ಉಪವಾಸಕ್ಕೆ ಕುಳಿತರು. ಉಳಿದವರು ವಾರ್ಡುಗಳಿಗೆ ಹೋಗಿ ರೋಗಿಗಳನ್ನು ನೋಡಿದರು. ಬೇಡಿಕೆಗಳು ಅವೇ, ಎದುರಾಳಿಯೂ ಅವನೇ. ನೋವು ಮಾತ್ರ ರೋಗಿಯ ಮೈಯಿಂದ ವೈದ್ಯನ ಮೈಗೆ ಬಂದಿತು. ಉಪವಾಸವು ಹದಿನೇಳು ದಿವಸ ನಡೆಯಿತು. ಹಲವರನ್ನು ನಡುವೆಯೇ ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರಲ್ಲಿ ಒಬ್ಬನನ್ನು ಸೇರಿಸಿದ್ದು ಆರ್. ಜಿ. ಕರ್ ಆಸ್ಪತ್ರೆಗೇ, ಅಂದು ಅಲ್ಲಿ ವೈದ್ಯರು ಕೆಲಸದ ಮೇಲಿದ್ದರು.